ಜೊಂಡು ತುಂಬಿದ ಹುಲಿ

ಮಂಗಳವಾರ ಮ್ಯೂಸಿಯಮ್ಮಿಗೆ ರಜೆ.
ಅವತ್ತೇ ಹುಲಿಯ ಧೂಳು ಕೊಡವುವುದು.
ಚಿಂಬಾಯ್ ಊರಿನ ಧೂಳಲ್ಲಿ ಉಪ್ಪಿದೆ,
ಬತ್ತಿದ ಅರಾಲ್ ಸಮುದ್ರದ್ದು;
ಬೆರಳು ನೆಕ್ಕಿದರೆ ಗೊತ್ತಾಗುತ್ತದೆ.

ಮೊದಲು ಕಿವಿ, ಆಮೇಲೆ ಬೆನ್ನು,
ಬಾಲಕ್ಕೆ ಹಳೇ ಟೂತ್‌ಬ್ರಷ್ಷು.
ನುಸಿ ತಿಂದ ಕಡೆ ಮಸಿ ಹಚ್ಚುತ್ತೇನೆ;
ಪಟ್ಟೆ ಎಷ್ಟಿದ್ದವೆಂದು ಲೆಕ್ಕ ಇಟ್ಟವರಿಲ್ಲ.

ಇದನ್ನು ಹೊಲಿದವನು ತಾಷ್ಕೆಂಟಿನವನಂತೆ,
ಬದುಕಿದ ಹುಲಿಯನ್ನು ಕಂಡವನಲ್ಲ.
ಮನೆಯ ಬೆಕ್ಕನ್ನು ನೋಡಿಕೊಂಡು ಮುಖ ಮಾಡಿದ.
ಅದಕ್ಕೇ ನಮ್ಮ ಜೋಲ್‌ಬರೀಸ್
ಹಾಲು ಚೆಲ್ಲಿ ಸಿಕ್ಕಿಬಿದ್ದಂತೆ ನಿಂತಿದೆ.
ಕಣ್ಣು ಎರಡೂ ಬೇರೆ ಬೇರೆ ಬಣ್ಣ.
ಶಾಲೆಯ ಮಕ್ಕಳು ಎಡಗಣ್ಣಿಗೆ ಹೆದರುತ್ತಾರೆ,
ಬಲಗಣ್ಣಿಗೆ ಕೈ ಬೀಸುತ್ತಾರೆ.

ಹಲಗೆಯ ಮೇಲೆ: ಗಂಡು. ಅಮು ದರ್ಯಾದ ದಂಡೆ.
ಹೊಡೆದವನ ಹೆಸರಿದೆ, ತೊರೆಮುರಾತ್,
ಇನಾಮು ಸಿಕ್ಕ ಗಡಿಯಾರದ ಕಂಪನಿಯ ಹೆಸರೂ ಇದೆ.
ಉಪಜಾತಿಗೆ ಒಂದು ಲ್ಯಾಟಿನ್ ಸಾಲು.
'ಅಳಿದಿದೆ' ಎಂಬುದನ್ನು ಮಾತ್ರ
ಯಾರೋ ಆಮೇಲೆ ಬೇರೆ ಶಾಯಿಯಲ್ಲಿ ಸೇರಿಸಿದ್ದಾರೆ.

ನನ್ನವ್ವ ಇದರ ಹೊಟ್ಟೆಯಡಿ ನುಸುಳಿದ್ದಳು,
ಮೂರು ಸಲ, ಕಾವಲುಗಾರನಿಗೆ ಎರಡು ರೊಟ್ಟಿ ಕೊಟ್ಟು.
ಮೂರು ಹೆಣ್ಣಾಗಿ, ನಾಲ್ಕನೆಯದು ಬಸಿರಲ್ಲಿತ್ತು.
ಹುಲಿಯಡಿ ಹಾದರೆ ಗಂಡಾಗುತ್ತದೆ ಎಂದಿದ್ದರಂತೆ.
ನಾನಾದೆ.
ಉಲ್ಬೋಸಿನ್ ಎಂದು ಹೆಸರಿಟ್ಟರು,
ಅಂದರೆ ಗಂಡಾಗಲಿ, ಮುಂದಿನದಾದರೂ.
ನನ್ನ ಹೆಸರು ನನ್ನದಲ್ಲ, ಬರಬೇಕಾದವನದು.
ಅವನೂ ಬರಲಿಲ್ಲ.
ಇದನ್ನೆಲ್ಲ ಹುಲಿಗೆ ಹೇಳಿದ್ದೇನೆ.
ಬ್ರಷ್ಷು ಹಿಡಿದವಳ ಮಾತು ಕೇಳದೆ
ಎಲ್ಲಿಗೆ ಹೋದೀತು?

ಈ ಮಂಗಳವಾರ ಹಿಂಗಾಲ ಹೊಲಿಗೆ ಬಿಚ್ಚಿತ್ತು.
ಬೆರಳು ಹಾಕಿದೆ. ಹುಲ್ಲಲ್ಲ, ಹತ್ತಿಯಲ್ಲ,
ಜೊಂಡು.
ಹೊಡೆದ ಜಾಗದಲ್ಲೇ ಕೊಯ್ದು
ಗರಿ ಸಮೇತ ತುರುಕಿದ್ದಾರೆ.
ನದಿ ಈಗ ಅಲ್ಲಿಗೆ ಮುಟ್ಟುವುದಿಲ್ಲ,
ದಾರಿಯಲ್ಲೇ ಹತ್ತಿಹೊಲಗಳು ಕುಡಿದು ಮುಗಿಸುತ್ತವೆ.
ಹಂದಿಗಳು ಹೊರಳಿದ, ಇದು ಹೊಂಚಿದ,
ಅಜ್ಜಿ ಚಾಪೆಗೆಂದು ಕೊಯ್ಯುತ್ತ
'ಬಂದಿದ್ದೇವಪ್ಪಾ, ಅತ್ತ ಸರಿ' ಎಂದು
ಕೂಗಿ ಕೂಗಿ ಹೇಳುತ್ತಿದ್ದ ಆ ಜೊಂಡು
ಎಲ್ಲೂ ಇಲ್ಲ, ಈ ಕಾಲೊಳಗೆ ಬಿಟ್ಟು.

ಒಂದು ಕಡ್ಡಿ ಎಳೆದು ಮೂಸಿದೆ.
ನೀರಿನ ವಾಸನೆ ಇದ್ದೀತೆಂದು.
ನುಸಿಗುಳಿಗೆಯ ವಾಸನೆ.
ಮತ್ತೆ ಒಳಗೇ ಇಟ್ಟೆ.

ಕಪ್ಪು ದಾರ ಮುಗಿದಿತ್ತು.
ಮಗಳ ಲಂಗಕ್ಕೆ ತಂದ ನೀಲಿಯಲ್ಲೇ ಹೊಲಿದೆ.
ಗಂಟು ಹಾಕಿ, ಕತ್ತರಿ ಸಿಗದೆ,
ಬಗ್ಗಿ ಹಲ್ಲಲ್ಲಿ ಕಡಿಯುವಾಗ
ತುಟಿ ಅದರ ತೊಡೆಗೆ ತಾಗಿತು.
ಉಪ್ಪು.