ಗದಗಿನ ಚಿಕ್ಕಮ್ಮ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ ನಮ್ಮದು.
ಬೆಳಗಿನ ಜಾವಕ್ಕೇ ಮರಳು ಕಾಯುತ್ತದೆ.
ಅಕ್ಕಿ ಅರಳುವ ಮೊದಲು
ಬಾಣಲೆಯಲ್ಲೊಂದು ಸಣ್ಣ ಚುರುಚುರು,
ಕಿವಿ ಪಳಗಿದವರಿಗೆ ಮಾತ್ರ.
ನನಗೂ ಹಾಗೇ ತಿಳಿಯುತ್ತದೆ:
ಎಡತೊಡೆಯ ಸಂದಿಯಲ್ಲೊಂದು ಜುಮ್ಮು.
ಇನ್ನೂ ಏನೂ ಎದ್ದಿಲ್ಲ,
ಕೈಗನ್ನಡಿಗೂ ಗೊತ್ತಿಲ್ಲ.

ಒಳಗಿಂದಲೇ ಕೂಗುತ್ತೇನೆ,
"ಗದಗಿನ ಚಿಕ್ಕಮ್ಮ ಹೊರಟಾಳಂತೆ!"
ಹಾಲೇಶ ಹಲ್ಲುಜ್ಜುತ್ತಲೇ ತಲೆಯಾಡಿಸಿ
ಟ್ರಂಕಿನ ತಳದಿಂದ, ಜಾತಕಗಳ ಕೆಳಗಿಂದ
ಮಾತ್ರೆಯ ಹಾಳೆ ತೆಗೆಯುತ್ತಾನೆ.
ಬೇಗ ನುಂಗಿದರೆ ಮೂರು ದಿನ ಇದ್ದು ಹೋಗುತ್ತಾಳೆ.
ತಡವಾದರೆ ಹತ್ತು ದಿನ,
ಗಂಟುಮೂಟೆ ಎಲ್ಲ ಬಿಚ್ಚಿ ಹರಡಿಕೊಂಡು.
ಅಷ್ಟೂ ದಿನ ಅವನ ಚಾಪೆ ಪಡಸಾಲೆಯಲ್ಲಿ.

ಅತ್ತೆಗೆ ಮಾತ್ರ ಲೆಕ್ಕ ಹತ್ತುವುದಿಲ್ಲ:
"ಗದಗಿನಾಗೆ ನಮಗೆ ಯಾರದಾರೆ?
ಬಂದ್ಳು ಬಂದ್ಳು ಅಂತೀರಿ,
ಒಂದಿನಾನೂ ನಾ ಮಕ ನೋಡ್ಲಿಲ್ಲ."

ನೋಡುವುದು ಹೇಗೆ?
ನನ್ನ ಬೆನ್ನುಹುರಿಯ ಬುಡದಲ್ಲೊಂದು ಕೋಣೆ ಹಿಡಿದಿದ್ದಾಳೆ.
ಬಾಡಿಗೆಯಿಲ್ಲ, ಬಿಡಿಸುವ ಕೋರ್ಟಿಲ್ಲ.
ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದರು
ಡಾಕ್ಟರ್ ಅಂಬುಜಾಕ್ಷಿ:
ಬೇರಿನಂಥ ನರ, ನರದೊಳಗೆ ನಿದ್ದೆ.

ಮೊದಲ ವರ್ಷ ಈ ತಮಾಷೆ ಇರಲಿಲ್ಲ.
ಅವನ ಬೆನ್ನು ನನಗೆ, ನನ್ನ ಬೆನ್ನು ಅವನಿಗೆ,
ಯಾರು ತಂದರು ಎಂಬುದು
ನಡುವೆ, ಹಾಸಿಗೆಯಷ್ಟೇ ಉದ್ದ.
ಅವನು ಲಾರಿಯಲ್ಲಿ ಗೋವಾಕ್ಕೆ ಹೋದ ರಾತ್ರಿಗಳನ್ನು
ನಾನು ಎಣಿಸಿದೆ.
ನನ್ನ ಮೊದಲ ಮದುವೆಯನ್ನು
ಅವನು ಬಾಯಿ ಬಿಡದೆ ಎಣಿಸಿದ.
"ಎಷ್ಟು ವರ್ಷದಿಂದ ಮಲಗಿತ್ತೋ, ಯಾರೊಳಗೋ,
ನನಗೆ ಹೇಳೋಕಾಗಲ್ಲ. ನಿಮಗಂತೂ ಆಗಲ್ಲ"
ಅಂದವರೇ ಡಾಕ್ಟರು ಮುಂದಿನ ನಂಬರು ಕರೆದರು.
ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು,
ಎರಡು ಲೋಟ, ಒಂದೂ ಮಾತಿಲ್ಲ.
ಚಿಲ್ಲರೆ ಅವನು ಕೊಟ್ಟ.

ಈಗ ಕೈ ಪಳಗಿದೆ.
ಉಗುರುಬೆಚ್ಚಗಿನ ನೀರಿನ ಬೇಸಿನ್ನಿಗೆ ಹಿಡಿ ಉಪ್ಪು,
ಕೂತು ಹತ್ತು ನಿಮಿಷ, ಬಚ್ಚಲ ಹಲ್ಲಿಯ ಜೊತೆ.
ಒರೆಸಬಾರದು, ಒತ್ತಬೇಕು,
ಕೂಸಿನ ಕಣ್ಣು ಒತ್ತಿದ ಹಾಗೆ. ಆಮೇಲೆ ಕೈಗೆ ಸೋಪು.
ಉಚ್ಚೆಗೆ ಕೂತಾಗ
ಚೊಂಬಿನ ನೀರನ್ನೂ ಜೊತೆಗೇ ಸುರಿದುಕೊಂಡರೆ
ಅರ್ಧ ಉರಿ ನೀರಿನ ಪಾಲು.
ಇದನ್ನು ಯಾರೂ ಹೇಳಿಕೊಡಲಿಲ್ಲ.
ಸುಣ್ಣ, ಅರಿಶಿನ,
ಕಾಲಿನ ಹುಣ್ಣಿಗೆಂದು ಸುಳ್ಳು ಹೇಳಿ
ರುದ್ರವ್ವನಿಂದ ಕೇಳಿ ತಂದ ಎಕ್ಕದ ಹಾಲು,
ಎಲ್ಲ ಒಂದೊಂದು ಸಲ ಹಚ್ಚಿ
ಒಂದೊಂದು ಸಲ ಕುಣಿದಿದ್ದೇನೆ. ಸಾಕು.

ಓಣಿಗೆಲ್ಲ ಬಿಗಿ ರವಿಕೆ ಹೊಲಿಯುವವಳು
ನನಗೆ ಹಳೇ ಪಂಚೆ ಹರಿದು
ಮೂರು ಲಂಗ ಹೊಲಿದುಕೊಂಡಿದ್ದೇನೆ,
ಅಳತೆಗಿಂತ ಒಂದು ಗೇಣು ಸಡಿಲ.
ಪೆಡಲು ತುಳಿದರೆ ತೊಡೆ ಚುರ್ರೆನ್ನುತ್ತದೆ;
ಚಿಕ್ಕಮ್ಮ ಇರುವಷ್ಟು ದಿನ ಕೈಹೊಲಿಗೆ,
ಹುಕ್ಕು, ಕಾಜ, ಸೀರೆಯ ಫಾಲು.
ಗಿರಾಕಿಗಳು ಬೈಯುತ್ತಾರೆ. ಬೈಯಲಿ.

ನಿನ್ನೆ ಸಂಜೆ ಬಚ್ಚಲಿಗೆ ಹೋದರೆ
ಬೇಸಿನ್ನಿನ ನೀರು ಆಗಲೇ ಬೆಚ್ಚಗಿತ್ತು,
ಪಕ್ಕದಲ್ಲಿ ಉಪ್ಪಿನ ಬಟ್ಟಲು.
ಹಾಲೇಶನ ಲಾರಿ ಇನ್ನೂ ಬಂದಿರಲಿಲ್ಲ.
ಅತ್ತೆ ತಲೆಯೆತ್ತದೆ ಅಕ್ಕಿ ಆರಿಸುತ್ತ,
"ನಿಮ್ಮ ಚಿಕ್ಕಮ್ಮಗೆ ಹೇಳು,
ದೀಪಾವಳಿಗೆ ಬರಬ್ಯಾಡ ಅಂತ.
ಬೇರೆ ನೆಂಟ್ರು ಬರ್ತಾರೆ, ಜಾಗ ಇಲ್ಲ."