ಇಂದ, ವರೆಗೆ

ಸಿರವಾರದ ನಮ್ಮ ಸಾಲಿ ಆಫೀಸಿನ್ಯಾಗ
ನಿಂತ ಗಡಿಯಾರದ ಕೆಳಗ ಒಂದು ಹಲಗಿ.
ಹಸಿರು ಬಣ್ಣ, ಬಿಳಿ ಅಕ್ಷರ, ನಾಕು ಕಾಲಂ:
ಕ್ರಮಸಂಖ್ಯೆ, ಹೆಸರು, ಇಂದ, ವರೆಗೆ.
ಅದು ನನ್ನ ಕೈ. ಪೇಂಟರ್ ಹುಸೇನಪ್ಪಂದು.
ರೈಸ್‌ಮಿಲ್ಲು, ಬೀಜದಂಗಡಿ,
ಟ್ರ್ಯಾಕ್ಟರ್ ಹಿಂದಿನ ‘ಅವ್ವನ ಆಶೀರ್ವಾದ’
ಎಲ್ಲಾ ಬರದೀನಿ, ಒಮ್ಮೆ ಬರದರ ಮುಗೀತು.
ಇಷ್ಟು ಸಲ ಏಣಿ ಹೊತ್ತದ್ದು ಈ ಹಲಗಿಗೆ ಮಾತ್ರ.

ಮೊದಲ ಹೆಸರು ಹನ್ನೊಂದು ವರ್ಷ ನಿಂತಿತ್ತು.
ಶರಣಯ್ಯ ಮಾಸ್ತರ್. ನನಗೂ ಅವರೇ ಕಲಿಸಿದ್ದು.
ಅವರ ‘ವರೆಗೆ’ ಬರಿಯೋ ದಿನ ಕೈ ನಡುಗಿ
ಒಂಬತ್ತರ ಬಾಲ ಉದ್ದ ಆಗೇತಿ,
ಬೇಕಂದ್ರ ಬಂದು ನೋಡ್ರಿ.

ಆಮ್ಯಾಲೆ ಏನಾತೋ.
ಬಿಜಾಪುರ ಕಡೆಯವರೊಬ್ಬರು,
ಕೌನ್ಸೆಲಿಂಗ್‌ನ್ಯಾಗ ಹೆಂಡತಿ ಊರು ಸಿಕ್ತು, ಹೋದರು.
ಶಮಶಾದ್ ಮೇಡಂ ಬಂದರು.
ಪಾಯಖಾನಿ ಕೀಲಿ ಸೊಂಟಕ್ಕ ಸಿಗಿಸಿಕೊಂಡು
ಹುಡುಗೇರಿಗೆ ದಿನಾ ತಗದು ಕೊಟ್ಟವರು.
ಅವರನ್ನ ಬ್ಲಾಕ್ ಆಫೀಸಿಗೆ ಡೆಪ್ಯುಟೇಶನ್ ಎಳಕೊಂಡರು,
ಕೀಲಿ ಸೊಂಟದಾಗ ಹೋತು.
ಬೀಗ ಒಡಿಯಾಕ ಯಾರ ಸಹಿ ಬೇಕಂತ
ಒಂದು ವಾರ ವಿಚಾರ ನಡೀತು.
ಮತ್ತೊಬ್ಬರು ಬಂದವರೇ ಕುರ್ಚಿ ತಿರುಗಿಸಿ
ಬಾಗಿಲಿಗೆ ಮಾರಿ ಮಾಡಿ ಇಟ್ಟರು,
ಅದೇ ಬಾಗಿಲಿಂದ ಹೋದರು.
ನಡುನಡುವ ನಾಗವೇಣಿ ಟೀಚರ್, ‘ಪ್ರಭಾರ’.
ಆ ‘ಪ್ರ’ದ ಒತ್ತು ನನಗೀಗ ನಿದ್ದಿಯಾಗೂ ಬರತೈತಿ.

ಹೆಸರಿಗೆ ನೂರೈವತ್ತು.
ಮೂರು ಹೆಸರಿನ ರೊಕ್ಕ ಬರಬೇಕು.
‘ಅದು ಹಿಂದಿನೋರ ಬಾಕಿ’ ಅಂತಾರ ಬಂದವರು.
‘ಚಾರ್ಜ್ ಕೊಟ್ಟು ಬಂದೀನಲ್ಲಪ್ಪ’ ಅಂತಾರ ಹೋದವರು.
ರೊಕ್ಕ ಬಿಡ್ರಿ.

ನನ್ನ ಮಗಳ ಹೆಸರು ಹುಲಿಗೆಮ್ಮ.
ದಾಖಲಾತಿ ವಹಿಯಾಗ ಹುಲಿಗಮ್ಮ.
ಗಕಾರದ ಎತ್ವ ಬಿದ್ದು ಹೋಗೇತಿ,
ಯಾರ ಅವಸರವೋ, ಯಾವ ಪೆನ್ನಿನ ಶಾಯಿ ತೀರಿತ್ತೋ.
ಒಂದನೇತ್ತಿಂದ ಕೇಳಾಕತ್ತೀನಿ, ಈಗ ನಾಕನೇತ್ತು.
ಒಬ್ಬರು ‘ಸೋಮವಾರ ಬಾ’ ಅಂದರು,
ಸೋಮವಾರ ಅವರೇ ಇರಲಿಲ್ಲ.
ಒಬ್ಬರು ಅಫಿಡವಿಟ್ ಅಂದರು,
ಮಾನ್ವಿಗೆ ಹೋಗಿ ಮಾಡಿಸಿ ತರೋದರಾಗ
ಕುರ್ಚಿಯಾಗ ಬ್ಯಾರೆ ಮಾರಿ.
‘ಪ್ರಭಾರದೋರು ವಹಿ ತಿದ್ದಬಾರದಣ್ಣ’ ಅಂದರು ನಾಗವೇಣಿ ಟೀಚರ್,
‘ಐದನೇತ್ತು ನಂದೇ, ಆರನೇತ್ತು ನಂದೇ,
ತತ್ತಿ ಲೆಕ್ಕ ನಂದೇ, ಮ್ಯಾಲೆ ಇದು.’
ಅವರ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು.
ಮತ್ತ ಕೇಳಲಿಲ್ಲ.
ಊರಿಗೆಲ್ಲ ಅಕ್ಷರ ಹಚ್ಚೋನ ಮನಿಯಾಗ
ಒಂದು ಎತ್ವ ಕಡಿಮಿ.

ಹೋದ ತಿಂಗಳು ಪಾಲಕರ ಸಭೆ.
ಮೆಣಸಿನಕಾಯಿ ಬಿಡಿಸಿ ಸೀದಾ ಬಂದಿದ್ದರು ಹೆಣ್ಮಕ್ಕಳು,
ಉರಿಯೋ ಕೈಗೆ ಹಸಿ ಸೆರಗು ಸುತ್ತಿಕೊಂಡು.
ತಿಮ್ಮಕ್ಕ ಮನಿಯಿಂದ ಬೀಗ ತಂದಿದ್ದಳು.
‘ಗೇಟ್ ಹಾಕೋಣ, ಸಾಹೇಬರು ಬಂದು ಮಾತಾಡಲಿ.’
‘ಹಾಕವ್ವ’ ಅಂದರು ನಾಗವೇಣಿ ಟೀಚರ್,
‘ಆದರ ಹೋದೋರ್ಯಾರೂ ಒಳಗಿಲ್ಲ.
ಒಳಗಿರೋರು ನಾವು, ನಿಮ್ಮ ಮಕ್ಕಳು.’
ಬೀಗ ತಿಮ್ಮಕ್ಕನ ಉಡಿಯಾಗೇ ಉಳೀತು.
ಯಾರೂ ಮಾತಾಡಲಿಲ್ಲ.
ಅಡಿಗಿ ಕ್ವಾಣ್ಯಾಗ ಸಾರು ಕುದಿಯೋ ಸಪ್ಪಳ.

ನಿನ್ನೆ ಹೊಸ ಮೇಡಂ ಬಂದರು,
ಕವಿತಾಳ ಬಸ್ಸಿಗೆ, ಸ್ಟೀಲ್ ಡಬ್ಬಿ ಹಿಡಕೊಂಡು.
ಏಣಿ ಹೊತ್ತು ಹೋದೆ.
‘ಹೆಸರು ಹೇಳ್ರಿ ಮೇಡಂ, ಬರದು ಬಿಡ್ತೀನಿ.’
ಹಲಗಿ ಓದಿದರು, ಮ್ಯಾಲಿಂದ ಕೆಳಗ, ತುಟಿ ಅಲ್ಲಾಡಿಸಿ.
‘ತಡೀರಿ. ಒಂದೇ ಸಾಲು ಉಳಿದೈತಿ.’
ಹೋಗಲೋ ಬ್ಯಾಡೋ ಅಂತ ನಿಂತವನು ಎತ್ವದ ಮಾತು ತಗದೆ.
ವಹಿ ಇದ್ದ ಅಲಮಾರದ ಕೀಲಿ ಸಿಗಲಿಲ್ಲ.
ಪೆನ್ನು ತಗದು ಅಂಗೈ ಮ್ಯಾಲೆ ಬರಕೊಂಡರು,
ಹುಲಿಗೆಮ್ಮ,
ಎತ್ವ ಹಾಕಿ, ನನಗ ತೋರಿಸಿ.
‘ಸೋಮವಾರ ಬರ್ರಿ’ ಅಂದರು.

ಇವತ್ತು ಶನಿವಾರ.
ಕುಂಚ ಚಿಮಣಿ ಎಣ್ಣಿಯಾಗ ನೆನಿ ಇಟ್ಟೀನಿ.
ಹುಲಿಗೆಮ್ಮ ಹಿತ್ತಲ ಗ್ವಾಡಿಗೆ ಉಳಿದ ಬಣ್ಣ ಬಳೀತಾಳ.
ನಾ ಕುಂತು ಲೆಕ್ಕ ಹಾಕ್ತೀನಿ,
ಎರಡು ದಿನದಾಗ ಮನಿಷ್ಯಾ ಎಷ್ಟು ಸಲ
ಕೈ ತೊಳಿತಾನ ಅಂತ.