ಗಣಿತದ ಪೀರಿಯಡ್ಡು ಬಿಟ್ಟುಕೊಟ್ಟ ವಾರ

ಸುತ್ತೋಲೆ ಬಂತು: ವಾರಪೂರ್ತಿ ಜೀವನ ಕೌಶಲ್ಯ.
ಒಂಬತ್ತನೇ ಕ್ಲಾಸಿನ ತ್ರಿಭುಜವನ್ನು
ಅರ್ಧ ಬರೆದಲ್ಲೇ ಬಿಟ್ಟು ಡಸ್ಟರು ಕೆಳಗಿಟ್ಟೆ.
ಒಳಗೊಳಗೇ ಬೈದುಕೊಂಡೆ ಅನ್ನಿ;
ಪೋರ್ಷನ್ನು ಮುಗಿಯದಿದ್ದರೆ ಯಾವ ಕೌಶಲ್ಯ ಬಂದು ಕಾಪಾಡುತ್ತದೆ.

ಸೋಮವಾರ ಮೈಸೂರಿನಿಂದ ಫ್ಲಾವಿಯಾ ಮೇಡಂ ಬಂದರು,
ಪಾಂಡವಪುರದ ಬಸ್‌ಸ್ಟ್ಯಾಂಡಿನಿಂದ ನಡೆದೇ,
ಭುಜಕ್ಕೊಂದು ಬಟ್ಟೆಯ ಚೀಲ.
ಕಣ್ಣು ಮುಚ್ಚಿ ಮಕ್ಕಳೇ, ಉಸಿರು ನಿಧಾನ ಒಳಗೆಳೆಯಿರಿ ಅಂದರು.
ಮೂವತ್ತೆಂಟು ಮೂಗು ಒಟ್ಟಿಗೆ ಎಳೆದವು.
ಸಕ್ಕರೆ ಫ್ಯಾಕ್ಟರಿ ಕಡೆಯ ಗಾಳಿ,
ಕಾಕಂಬಿಯ ಕಮಟು ಕ್ಲಾಸಿನ ತುಂಬ.
'ಒಳಕ್ ಎಳ್ಕೊಂಡೊ ಮೇಡಂ, ಈಗ ಬುಡಾನಾ?'
ಶಿಫಾ ನಕ್ಕಳು, ಬೆಂಚು ನಕ್ಕಿತು, ಮೇಡಮ್ಮೂ ನಕ್ಕರು.
ಮೊದಲ ದಿನದ ಶಾಂತಿ ಹಾಗೆ ಮುಗಿಯಿತು.

ಮಂಗಳವಾರ ಗುಂಡಿ ಹೊಲಿಯುವುದು.
ಹುಡುಗರು ಸೂಜಿಯ ಕಣ್ಣಿಗೆ ದಾರ ತೋರಿಸುತ್ತ
ನಾಲಿಗೆ ಹೊರಗಿಟ್ಟು ಕೂತ ಚಂದವೇ ಚಂದ.
ಲಿಖಿತ್ ತೊಡೆಯ ಮೇಲಿನ ಬಟ್ಟೆಯನ್ನು ಪ್ಯಾಂಟಿಗೇ ಸೇರಿಸಿ ಹೊಲಿದು
ಎದ್ದು ನಿಂತರೆ ಜೊತೆಗೇ ಎದ್ದಿತು ಬಟ್ಟೆ.
ನನ್ನ ಅಂಗಿಯ ಮೂರನೆಯ ಗುಂಡಿ
ನಾಲ್ಕು ತಿಂಗಳಿಂದ ಸೇಫ್ಟಿಪಿನ್ನಿನ ದಯೆಯಲ್ಲಿತ್ತು.
ಅದನ್ನು ನೋಡಿದವನು ಹೊನ್ನೇಶ.
ಕೊನೆಯ ಬೆಂಚು; ಹಾಜರಿ ಕರೆದರೆ ಕೈ ಮಾತ್ರ.
'ಕೊಡಿ ಸಾ' ಅಂದ.
ಕೊಡಲಿಲ್ಲ. ಮೇಷ್ಟ್ರಲ್ಲವೆ.

ಬುಧವಾರ ನಾಲೆ.
ನಮ್ಮ ಕಡೆ ನಾಲೆ ಅಂದರೆ ದನಿ ತಗ್ಗಿಸುತ್ತಾರೆ.
ಅಗ್ನಿಶಾಮಕದ ರಾಚಯ್ಯ ಏರಿಯ ಮೇಲೆ ನಿಂತು ಹೇಳಿಕೊಟ್ಟ:
ಮುಳುಗುವವನ ಹಿಂದೆ ಹಾರಬೇಡಿ. ಮೊದಲು ಕೂಗಿ.
ಆಮೇಲೆ ಹಗ್ಗ ಎಸೆಯಿರಿ, ಖಾಲಿ ಕ್ಯಾನು ಎಸೆಯಿರಿ,
ದುಪಟ್ಟ ಆದರೂ ಸರಿ, ಹೊಟ್ಟೆಯಡಿ ಮಲಗಿಕೊಂಡು.
ಹುಡುಗಿಯರು ಎಸೆದದ್ದು ನಾಲೆಯಾಚೆಯ ಎಮ್ಮೆಗೆ ಬಿದ್ದು
ಅದು ತಿರುಗಿ ನೋಡಿತು.
ಹೊನ್ನೇಶ ಎಸೆಯಲಿಲ್ಲ. ಒದ್ದೆ ಹಗ್ಗವನ್ನು ಸುತ್ತಿ ಸುತ್ತಿ
ಅಚ್ಚುಕಟ್ಟಾಗಿ ರಾಚಯ್ಯನ ಕೈಗೆ ಕೊಟ್ಟ.
ನಾನು ನೋಡಿದೆ. ನೋಡಿದ್ದಷ್ಟೇ.

ಗುರುವಾರ, ಬಿಸ್ಕತ್ತಿನ ಡಬ್ಬಕ್ಕೊಂದು ಸೀಳು ಕೊಯ್ದು
ಹೆಸರು ಬೇಡ, ಮನಸ್ಸಿನಲ್ಲಿರುವುದು ಬರೆದು ಹಾಕಿ ಅಂದರು.
ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಇಬ್ಬರೂ ಬಿಚ್ಚಿದೆವು.
ಮೊಡವೆಗೆ ಏನು ಹಚ್ಚಬೇಕು.
ಮೊಟ್ಟೆ ದಿನ ಎರಡು ಮೊಟ್ಟೆ ಕೊಡಿ.
ಅಕ್ಕನ ಮದುವೆ ಆದ ಮೇಲೆ ರಾತ್ರಿ ಮಾತಾಡೋರು ಇಲ್ಲ.
ಗಣಿತದ ಸಾರ್‌ಗೆ ನಗೋದನ್ನ ಯಾವ ದಿನ ಕಲಿಸ್ತೀರ ಮೇಡಂ.
ಅದನ್ನು ಅವರು ಬೇಗ ಪಕ್ಕಕ್ಕಿಟ್ಟರು; ನಾನು ಓದಿಯಾಗಿತ್ತು.
ಕೊನೆಯದೊಂದು: ಎಂಟು ಮಡಿಕೆ, ಉಗುರಿನಿಂದ ತೀಡಿದ ಗೆರೆ,
ಬಿಚ್ಚಿದರೆ ಏನೂ ಇಲ್ಲ.
ಆ ಕಡೆ ಈ ಕಡೆ ತಿರುಗಿಸಿದೆವು.
ತಮಾಷೆಗೆ ಹಾಕಿರಬೇಕು ಅಂದರು ಮೇಡಂ,
ಆದರೆ ಎಸೆಯಲಿಲ್ಲ.

ನನಗೆ ಆ ಮಡಿಕೆ ಗೊತ್ತು.
ಕಿರುಪರೀಕ್ಷೆಯ ಹಾಳೆ ಹಾಗೆ ಮಡಿಚಿ ಕೊಡುವವನು ಒಬ್ಬನೇ.
ಎರಡು ವರ್ಷದಿಂದ, ಬಿಚ್ಚುವಾಗ ಹರಿಯುತ್ತದೆ ಎಂದು
ಅರ್ಧರ್ಧ ಅಂಕ ಕಳೆದಿದ್ದೇನೆ.

ಶುಕ್ರವಾರ ಬ್ಯಾಂಕಿನ ಚಲನ್ನೋ, 'ಬೇಡ' ಅನ್ನುವ ನಾಟಕವೋ,
ನೆನಪಿಲ್ಲ.

ಶನಿವಾರ ಗಂಟೆ ಹೊಡೆದ ಮೇಲೆ 'ಹೊನ್ನೇಶ, ಇರು' ಅಂದೆ.
ತಪ್ಪು ಮಾಡಿದವನ ಹಾಗೆ ನಿಂತ.
ಕೇಳಬೇಕಾದ್ದು ಗಂಟಲಿನವರೆಗೆ ಬಂದು
ದಡ್ಡ ಹುಡುಗನ ಸೂತ್ರದಂತೆ ಮರೆತುಹೋಯಿತು.
ಸರ್ವೀಸು ಇಪ್ಪತ್ತಾರು ವರ್ಷ. ಇದಕ್ಕೆ ಸುತ್ತೋಲೆ ಇಲ್ಲ.
ಅಂಗಿಯ ಪಿನ್ನು ತೆಗೆದೆ.
'ಸೂಜಿ ಇದೆಯೇನೋ?'

ಜೇಬಿನಲ್ಲೇ ಇತ್ತು, ಬೆಂಕಿಪೊಟ್ಟಣದೊಳಗೆ, ದಾರ ಸಮೇತ.
ನನ್ನ ಎದೆಯಿಂದ ಗೇಣು ದೂರ ತಲೆ ಬಗ್ಗಿಸಿ
ಹೊಲಿಯತೊಡಗಿದ.
ನಾನು ಅಲ್ಲಾಡುವಂತಿಲ್ಲ.
ಅವನು ನನ್ನ ಮುಖ ನೋಡಬೇಕಾಗಿಲ್ಲ.
ಮೂರನೆಯ ಸುತ್ತಿಗೆ, ಗುಂಡಿಗೆ ಹೇಳುವ ಹಾಗೆ,
'ಸಾ,' ಅಂದ, 'ನಮ್ಮನೇಲಿ...'

ಹೊರಗೆ ಸಾರಿನ ಪಾತ್ರೆ ಉಜ್ಜುವ ಸದ್ದು.
ದಾರ ಇನ್ನೂ ಮೊಳದುದ್ದ ಇತ್ತು.